ಏಳರ ಮಗ್ಗಿಯ ವಿಡಿಯೊ

ಮದಲೂರು
18 ಜನವರಿ 2026

ಗಾನವಿಯ ಅಪ್ಪನಿಗೆ,

ವನಜಾಕ್ಷಿಯ ನಮಸ್ಕಾರ. ಫೋನಿನಲ್ಲಿ ಮಾತು ಶುರುವಾದರೆ ನಾವಿಬ್ಬರೂ ಜಗಳಕ್ಕೇ ಇಳಿಯುತ್ತೇವೆ, ಅದಕ್ಕೇ ಈ ಕಾಗದ. ಮಧುಗಿರಿ ಬಿಟ್ಟು ಮಗಳ ಜೊತೆ ತವರಿಗೆ ಬಂದ ಮೇಲೆ ನಿಮಗೆ ಬರೆಯುತ್ತಿರುವುದು ಇದೇ ಮೊದಲು. ಸಮಾಧಾನವಾಗಿ ಓದಿ.

ಮಕ್ಕಳ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು ಹೊಸ ಕಾನೂನು ಬಂದಿದೆ, 'ಮಗ್ಗಿ ಮನೆ' ಆ್ಯಪಿನಲ್ಲಿ ಎಲ್ಲ ಹೆತ್ತವರ ಒಪ್ಪಿಗೆಯೂ ಆಯಿತು, ಗಾನವಿಯ ವಿಡಿಯೊಗೆ ತಂದೆಯಾಗಿ ನಾನೇ ಒಪ್ಪಿದ್ದೇನೆ ಎಂದು ಸುದ್ದಿ ಕಳಿಸಿದ್ದೀರಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ್ಯಪಿನ ಮಾಲೀಕರೂ ನೀವೇ, ಮಗುವಿನ ತಂದೆಯೂ ನೀವೇ. ಕೇಳುವವರೂ ನೀವೇ, ಹೂಂ ಅನ್ನುವವರೂ ನೀವೇ! ಕಾನೂನಿಗೆ ಅದು ಸಾಕಾಗಬಹುದು, ನನಗೆ ಸಾಲದು.

ಬೇರೆ ಮಕ್ಕಳ ಒಪ್ಪಿಗೆಯ ಚಂದವನ್ನೂ ಕೇಳಿ. ಹುಲಿಕುಂಟೆಯ ಹೊನ್ನಕ್ಕ ಸಂತೆಯಲ್ಲಿ ಸಿಕ್ಕಿದ್ದರು. ಅವರ ಮಗಳು ನಮ್ಮ ಆ್ಯಪಿನಲ್ಲೇ ಕಲಿಯುವುದು. ಒಪ್ಪಿಗೆ ಕೊಟ್ಟಿರಾ ಅಂದೆ. ಅದೇನೋ ನಂಬರ್ ಬಂತು, ಮಗೀನೇ ನೋಡ್ಕಂಡು ಒತ್ಬುಡ್ತು ಕಣಮ್ಮ, ನಂಗೆಂಗೆ ಗೊತ್ತಾಯ್ತದೆ ಅಂದರು. ನಮ್ಮ ಕಡೆ ಮನೆಗೊಂದು ಫೋನು, ಅದು ಯಾವಾಗಲೂ ಮಕ್ಕಳ ಕೈಯಲ್ಲಿ. ಒಟಿಪಿ ಓದುವುದೂ ಅವರೇ, ಒತ್ತುವುದೂ ಅವರೇ. ಇದನ್ನು ಹೆತ್ತವರ ಒಪ್ಪಿಗೆ ಅನ್ನಬೇಡಿ. ಮನೆಮನೆಗೆ ಯಾರನ್ನಾದರೂ ಕಳಿಸಿ ಹೆತ್ತವರಿಗೇ ತಿಳಿಹೇಳಿಸಿ, ತೆಲುಗು ಆಡುವ ಪಾವಗಡದ ಕಡೆ ತೆಲುಗಿನಲ್ಲೇ ಹೇಳಿಸಿ. ಮಗ್ಗಿ ಕಲಿಸುವುದಕ್ಕೆ ಮಗುವಿನ ಊರು, ಶಾಲೆ, ಹುಟ್ಟಿದ ದಿನವೆಲ್ಲ ಏಕೆ ಬೇಕು? ಆ್ಯಪು ಬಿಟ್ಟುಹೋದ ಮಕ್ಕಳ ಮಾಹಿತಿಯನ್ನು ಅಳಿಸಿಬಿಡಿ. ಮಗು ಏನು ನೋಡಿತೆಂದು ಬೆನ್ನು ಹತ್ತಿ ಜಾಹೀರಾತು ತೋರಿಸುವುದನ್ನೂ ನಿಲ್ಲಿಸಿ.

ಈಗ ನಮ್ಮ ಮಗಳ ವಿಷಯ. ಆರು ವರ್ಷದವಳಿದ್ದಾಗ ಏಳರ ಮಗ್ಗಿಯಲ್ಲಿ ತಡವರಿಸಿ, ನನ್ನ ಸೆರಗು ಹಿಡಿದು ಅತ್ತಳಲ್ಲ, ಅದನ್ನೇ ವಿಡಿಯೊ ತೆಗೆದು ಜಾಹೀರಾತು ಮಾಡಿದಿರಿ. ಜನ ನಕ್ಕರು, ಆ್ಯಪು ಓಡಿತು. ಈಗ ಅವಳಿಗೆ ಹನ್ನೊಂದು. ಹೋದ ವಾರ ಸಿರಾ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಒಬ್ಬರು ಬಂದು, ಏನ್ ಗಾನವಿ, ಏಳರ ಮಗ್ಗಿ ಈಗಾದ್ರೂ ಬತ್ತದೇನಮ್ಮ ಅಂದರು. ಕೆಟ್ಟವರಲ್ಲ, ಪ್ರೀತಿಯಿಂದಲೇ ಕೇಳಿದ್ದು. ಇವಳು ನನ್ನ ಹಿಂದೆ ಅವಿತುಕೊಂಡಳು.

ಶಾಲೆಯಲ್ಲೂ ಅದೇ ಪಾಡು. ಲೆಕ್ಕದ ಮೇಷ್ಟ್ರು ಸಿದ್ದಗಂಗಯ್ಯನವರು ನನ್ನನ್ನು ಕರೆಸಿ, ಬರೆಯಕ್ಕೆಲ್ಲಾ ಬತ್ತದೆ ಕಣಮ್ಮ, ಎದ್ದು ನಿಂತ್ರೆ ಬಾಯೇ ಬುಡಲ್ಲ ಅಂದರು. ಹುಡುಗರು ಅವಳನ್ನು ಕಂಡರೆ ಅಳುವ ಹಾಗೆ ನಟಿಸುತ್ತಾರಂತೆ. ಸೋಮವಾರದಿಂದ ಶಾಲೆಗೇ ಹೋಗಿಲ್ಲ. ಬೈದೆ, ಬೇಡಿಕೊಂಡೆ, ಜಗ್ಗಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದಳು: ನಾನು ಅತ್ತಿದ್ದು ಅಪ್ಪಂಗೆ ಅಷ್ಟು ಚೆನ್ನಾಗ್ ಕಾಣ್ತಾ ಅಂತ.

ಮಗಳ ಮೇಲೆ ನಿಮಗೆ ಪ್ರೀತಿಯಿಲ್ಲ ಎಂದು ನಾನು ಎಂದೂ ಅಂದಿಲ್ಲ. ಆ ವಿಡಿಯೊವನ್ನು ಎಷ್ಟು ಹೆಮ್ಮೆಯಿಂದ ಎಲ್ಲರಿಗೂ ತೋರಿಸುತ್ತಿದ್ದಿರಿ, ನೋಡಿದ್ದೇನೆ. ಆದರೆ ಅವಳ ಅಳು ನಿಮ್ಮ ಸ್ವತ್ತಲ್ಲ, ನನ್ನದೂ ಅಲ್ಲ. ಎಲ್ಲೆಲ್ಲಿ ಹಾಕಿದ್ದೀರೋ ಅಲ್ಲೆಲ್ಲ ತೆಗೆಯಿರಿ. ಆಗಲೇ ಹಂಚಿಹೋದದ್ದನ್ನು ಹಿಂದಕ್ಕೆ ತರಲಾಗದು, ಗೊತ್ತು. ಆದರೂ ಅಪ್ಪ ತೆಗೆದರು ಅನ್ನುವುದು ಅವಳಿಗೆ ತಿಳಿಯಬೇಕು. ಅದನ್ನು ಫೋನಿನಲ್ಲಿ ಹೇಳಬೇಡಿ, ಇಲ್ಲಿಗೇ ಬಂದು ಹೇಳಿ. ನಿಮಗೂ ಸೇರಿಸಿ ಮುದ್ದೆ ಮಾಡಿರುತ್ತೇನೆ.

ಇಂತಿ,
ವನಜಾಕ್ಷಿ

ತಾ.ಕ.: ಕೇಳದೆ ಅವಳ ವಿಷಯ ಬರೆಯಬಾರದೆಂದು ಈ ಕಾಗದವನ್ನು ಗಾನವಿಗೆ ಓದಲು ಕೊಟ್ಟೆ. ಒಂದು ಸಂಗತಿ ಅಪ್ಪನಿಗೆ ಹೇಳಬೇಡ ಅಂದಳು. ಅದನ್ನು ಬಿಟ್ಟು ಇಡೀ ಕಾಗದವನ್ನು ಮತ್ತೆ ಬರೆದಿದ್ದೇನೆ. ಉಳಿದದ್ದಕ್ಕೆ ಹೂಂ ಅಂದಿದ್ದಾಳೆ. ಬಿಟ್ಟದ್ದೇನು ಎಂದು ನನ್ನನ್ನು ಕೇಳಬೇಡಿ. ಬಂದಾಗ ಅವಳನ್ನೇ ಕೇಳಿ, ಹೇಳಬೇಕು ಅನ್ನಿಸಿದರೆ ಹೇಳುತ್ತಾಳೆ.