ಎಲ್ಲಕ್ಕೂ ತಲೆಯಾಡಿಸುವವರಿಗೆ ದೀಕ್ಷಾಸ್ನಾನ

ಸದಲಗಾ
೧೧ ಆಗಸ್ಟ್ ೨೦೦೮

ಪ್ರೀತಿಯ ಅತ್ತೆಯವರಿಗೆ,

ಜೈಭೀಮ ಎಂದು ಬರೆದರೆ ನಿಮಗೆ ಬೇಸರವಾದೀತು, ನಿಮ್ಮ ಚರ್ಚಿನ ಹೊಸ ವಂದನೆ ಬರೆಯಲು ನನ್ನ ಕೈ ಏಳದು. ಅದಕ್ಕೆ ಬರೀ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಪುಣೆಯ ಮಳೆಗೆ ಹೆಚ್ಚಾಗಿಲ್ಲ ತಾನೆ? ಫೋನಿನಲ್ಲಿ ನಿಮ್ಮ ಅಳು ಕೇಳಿದರೆ ನನಗೆ ಮಾತೇ ಹೊರಡುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾದಿನಿ ಸಪನಾ, ಅವ್ವನಿಗೆ ಓದಿ ಹೇಳುವಾಗ ನಿನಗೆ ಬೇಡವಾದ ಸಾಲು ನುಂಗಬೇಡ ನೋಡು!

ಲಕ್ವಾ ಹೊಡೆದ ಮೇಲೆ ನಿಮ್ಮ ಮಗನಿಗೆ ಬಲಗೈ ಏಳುತ್ತಿಲ್ಲ, ಮಾತು ಪೂರ್ತಿ ನಿಂತಿದೆ. ಏನು ಕೇಳಿದರೂ ಹೂಂ ಎನ್ನುವಂತೆ ತಲೆಯಾಡಿಸುತ್ತಾರೆ. ಚಹಾ ಬೇಕಾ ಎಂದರೂ ಅದೇ, ಬೇಡವಾ ಎಂದರೂ ಅದೇ. ಮೊನ್ನೆ ಸಿಟ್ಟಿನಲ್ಲಿ, ‘ನಾ ತವರಮನಿಗೆ ಹೊಂಟ ಹೋಗ್ಲೇನ್ರಿ?’ ಅಂದೆ. ಅದಕ್ಕೂ ತಲೆಯಾಡಿಸಿದರು! ಮೊದಲು ನಗು ಬಂತು, ಆಮೇಲೆ ಅಳು ಬಂತು.

ನೀವು ಹೇಳಿ ಕಳಿಸಿದ ಚಿಕ್ಕೋಡಿಯ ಪಾಸ್ಟರ್ ಬಂದಿದ್ದರು. ಒಳ್ಳೆಯ ಮನುಷ್ಯ, ಸುಳ್ಳೇಕೆ ಹೇಳಲಿ. ‘ಲಖನಣ್ಣಾ, ಯೇಸುನ್ನ ನಂಬ್ತೀರೇನ್ರಿ? ದೀಕ್ಷಾಸ್ನಾನ ತಗೋತೀರೇನ್ರಿ?’ ಎಂದು ಕೇಳಿದರು. ಇವರು ತಲೆಯಾಡಿಸಿದರು. ಪಾಸ್ಟರ್ ಕಣ್ಣಲ್ಲಿ ನೀರು. ನನಗೆ ಸುಮ್ಮನಿರಲು ಆಗಲಿಲ್ಲ, ‘ಬ್ಯಾಡೇನ್ರಿ?’ ಎಂದೆ. ಅದಕ್ಕೂ ತಲೆಯಾಡಿಸಿದರು. ಪಾಸ್ಟರ್ ಮುಖ ಸಣ್ಣದಾಯಿತು. ‘ಹಳೇ ಬಾಳೇವು ನೀರಾಗ ಬಿಟ್ಟು ಹೊಸಾ ಮನಶ್ಯಾ ಆಗಿ ಏಳೂದು ಇದರ ಅರ್ಥ ತಂಗೀ. ಅದು ಅವರ ಮನಸಿನಿಂದ ಬರಬೇಕು. ಹಿಡದು ಮುಳಗಸೂದಲ್ಲ’ ಎಂದು, ದೀಕ್ಷಾಸ್ನಾನವನ್ನು ಬರುವ ಭಾನುವಾರದವರೆಗೆ ಮುಂದೂಡಿದ್ದಾರೆ.

ನೀವು ಅಂದಿದ್ದಿರಿ: ‘ಇಲ್ಲಿ ಚರ್ಚಿನಾಗ ಕೂಸಿಗೂ ಕೊಡ್ತಾರ. ಕೂಸಿಗೆ ಮಾತು ಬರ್ತೈತೇನು? ತಾಯಿ ಹೂಂ ಅಂತಾಳ. ಲಖನ ನನಗ ಕೂಸಲ್ಲೇನು?’ ಹೌದು ಅತ್ತೆ, ನಿಮಗೆ ಕೂಸೇ. ಆದರೆ ಕೂಸಿಗೆ ನಿನ್ನೆ ಎನ್ನುವುದು ಇರುವುದಿಲ್ಲ, ಇವರಿಗಿದೆ. ನೀವು ದೀಕ್ಷಾಸ್ನಾನ ಮಾಡಿಸಿಕೊಂಡು ಬಂದ ದಿನ ಇದೇ ಬಾಗಿಲಲ್ಲಿ, ‘ಅಪ್ಪ ಬುದ್ಧನ ದೀಕ್ಷಾ ತಗೊಂಡಿದ್ದ, ನನಗ ಅದ ಸಾಕು. ನೀ ಇನ್ನ ನನ್ನ ಹೊಸ್ತಲಾ ತುಳೀಬ್ಯಾಡ’ ಎಂದು ಕೂಗಿದವರು ಇವರೇ ಅಲ್ಲವೇ? ಬಾಯಿದ್ದಾಗ ಬೇಡ ಎಂದವರ ಪರವಾಗಿ, ಬಾಯಿ ಹೋದ ಮೇಲೆ ನಾನು ಹೇಗೆ ಹೂಂ ಅನ್ನಲಿ? ನೀವಾದರೂ ಹೇಗೆ ಅನ್ನುತ್ತೀರಿ? ಮಗನನ್ನು ಆ ಲೋಕದಲ್ಲಾದರೂ ಕಾಣಬೇಕೆಂಬ ನಿಮ್ಮ ಆಸೆ ನನಗೆ ತಿಳಿಯದೆ ಇಲ್ಲ. ಡಾಕ್ಟರು ಧೈರ್ಯ ಹೇಳುತ್ತಿಲ್ಲ.

ಔಷಧ ಕೊಡುವ ಹೊತ್ತಾಯಿತು. ನಿಮ್ಮ ದೇವರು ನಿಮ್ಮ ಮೊಣಕಾಲಿಗೆ ಬಲ ಕೊಡಲಿ.

ನಿಮ್ಮ ಸೊಸೆ,
ನೀಲಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಕೇಳಿದೆ, ‘ಅವ್ವ ಬರ್ತಾಳೇನ್ರಿ?’ ತಲೆಯಾಡಿಸಲಿಲ್ಲ. ಮತ್ತೆ ಕೇಳಿದೆ, ಆಗಲೂ ಇಲ್ಲ. ಬಾಗಿಲು ನೋಡುತ್ತಾ ಅತ್ತರು. ಅಂದರೆ ಇವರಿಗೆ ಎಲ್ಲ ತಿಳಿಯುತ್ತದೆ ಅತ್ತೆ. ಹಾಗಾದರೆ ಪಾಸ್ಟರಿಗೆ ಹೇಳಿದ್ದು ಏನು? ನನಗೆ ಗೊತ್ತಾಗುತ್ತಿಲ್ಲ. ಭಾನುವಾರದೊಳಗೆ ನೀವೇ ಬಂದು ಕೇಳಿ. ಈ ಹೊಸ್ತಿಲು ನನ್ನದೂ ಹೌದು. ತುಳಿದು ಬನ್ನಿ.