ಗಾಡಿ ಮಲಗಿದ ಊರು

ನಿಪ್ಪಾಣಿ,
ಹೊಸ ಶಕೆ ನೂರಾ ಎಪ್ಪತ್ತು, ಹದಿಮೂರನೆಯ ತಿಂಗಳ ಎರಡನೆಯ ದಿನ

ಜಿನ್ನಮ್ಮ ಆಯಿಗೆ, ನಿನ್ನ ಮೊಮ್ಮಗಳ ಮೊಮ್ಮಗಳು ಚೇಲನಾ ಮಾಡುವ ನಮಸ್ಕಾರ.

ಮೇಲಿನ ತಾರೀಖು ಓದಿ ತಲೆ ಕೆಡಿಸಿಕೊಳ್ಳಬೇಡ. ಮಳೆಗಾಲ ಎಲ್ಲೆ ಮೀರಿ ಬೆಳೆದ ಮೇಲೆ ನಮ್ಮವರು ವರ್ಷಕ್ಕೆ ಇನ್ನೊಂದು ತಿಂಗಳು ಸೇರಿಸಿಕೊಂಡರು. ನನ್ನ ಮಾತುಗಳಲ್ಲಿ ಕೆಲವು ನಿನಗೆ ಹೊಸವಾಗಿ ಕಾಣಬಹುದು, ಅದಕ್ಕೂ ಕ್ಷಮೆಯಿರಲಿ. ನಿನ್ನನ್ನು ಏಕವಚನದಲ್ಲೇ ಕರೆಯುತ್ತೇನೆ. ನಮ್ಮ ಕಡೆ ಆಯಿಗೆ ಬಹುವಚನ ಹಚ್ಚಿದರೆ ಆಕೆ ಬೇರೆ ಯಾರದೋ ಆಯಿ ಆಗಿಬಿಡುತ್ತಾಳೆ.

ನಮ್ಮ ಕಾಲದಲ್ಲಿ ಹಿಂದೋಲೆ ಎಂಬ ರೂಢಿ ಇದೆ. ಬದುಕಿರುವವರ ಮುಂದೆ ಹೇಳಲಾಗದ್ದನ್ನು ಹಿಂದಿನವರಿಗೆ ಬರೆದು ಹೊಲದಲ್ಲಿ ಹೂಳುತ್ತಾರೆ. ತಲುಪುತ್ತದೆಂದು ಯಾರೂ ನಂಬುವುದಿಲ್ಲ, ಆದರೂ ಬರೆಯುತ್ತಾರೆ. ನಾನು ಬರೆಯುತ್ತಿರುವುದು ನನ್ನ ಹೊಟ್ಟೆಕಿಚ್ಚಿನ ಕಥೆ. ಅದು ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿ ಬಂತು.

ನಮ್ಮಲ್ಲಿ ಗಾಡಿಗಳಿಗೆ ತಾನೋಡ ಎನ್ನುತ್ತೇವೆ, ತಾನೇ ಓಡುವುದರಿಂದ. ಒಳಗೆ ಕೂತು ಊರ ಹೆಸರು ಹೇಳಿದರೆ ಸಾಕು. ಬೇಕೆಂದರೆ ಕೈಯಲ್ಲಿ ಹಿಡಿದೂ ಓಡಿಸಬಹುದು. ಪ್ರತಿ ಮನೆಯ ಮುಂದೆ ಉಣಿಸುಗಲ್ಲು ಎಂಬ ಚಪ್ಪಟೆ ಹಾಸು ಇರುತ್ತದೆ. ರಾತ್ರಿ ಗಾಡಿ ಅದರ ಮೇಲೆ ನಿಂತು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಅದಕ್ಕೇ ನಾವು ಗಾಡಿ ಮಲಗಿತು ಎನ್ನುವುದು. ಬೆಳಗ್ಗೆ ಅಂಗಳ ಸಾರಿಸಲು ಹೊರಬಂದ ಹೆಂಗಸರು ರಂಗೋಲಿಗಿಂತ ಮೊದಲು ನೋಡುವುದು ಯಾರ ಕಲ್ಲು ಬರಿದಾಗಿದೆ ಎಂಬುದನ್ನು. ನಮ್ಮ ಕಲ್ಲು ಬರಿದಾಗಿರುತ್ತಿತ್ತು.

ನನ್ನ ಗಂಡ ಧರಣೇಂದ್ರ ಆಲೆಮನೆಗಳ ಬೆಲ್ಲ ಪರೀಕ್ಷಿಸುವವನು. ಪಾಕದ ಒಂದು ಹನಿ ನೀರಿಗೆ ಬಿಟ್ಟು, ಉಂಡೆ ಕಟ್ಟುವುದನ್ನು ಬೆರಳಲ್ಲಿ ನೋಡಿ, ಮಾರಾಟಕ್ಕೆ ಯೋಗ್ಯವೋ ಅಲ್ಲವೋ ಹೇಳುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಗಡಿಯಾಚೆ ಕಾಗಲ್ ಕಡೆಯ ಆಲೆಮನೆಗಳಲ್ಲೇ ಉಳಿಯುತ್ತಿದ್ದ. ಅದು ಕೆಲಸ, ನನಗೆ ಗೊತ್ತಿತ್ತು. ಆದರೆ ಮಳೆಗಾಲದಲ್ಲಿ ಯಾವ ಆಲೆಮನೆಯ ಒಲೆಯೂ ಉರಿಯುವುದಿಲ್ಲ. ಮಳೆಗಾಲದಲ್ಲೂ ಅವನ ಅಂಗಿ ಬೆಲ್ಲದ ವಾಸನೆ ಹೊಡೆಯತೊಡಗಿದಾಗ ನಾನು ಒಗೆಯುವುದನ್ನು ಬಿಟ್ಟು ಮೂಸುವುದನ್ನು ಕಲಿತೆ.

ಆಕೆಯ ಹೆಸರು ಮೃಣಾಲ. ಗಂಡ ತೀರಿಹೋದ ಮೇಲೆ ಕಬ್ಬಿನ ಹೊಲಗಳ ನಡುವಿನ ಒಂಟಿ ಮನೆಯಲ್ಲಿ ಮಗಳೊಂದಿಗೆ ಇದ್ದು ಆಲೆಮನೆ ನಡೆಸುತ್ತಿದ್ದಳು. ಇಷ್ಟನ್ನು ಧರಣೇಂದ್ರನೇ ಹೇಳಿದ್ದ, ಎಲ್ಲ ಮಾಲೀಕರ ಬಗ್ಗೆ ಹೇಳುವ ಹಾಗೆ. ಒಂದೇ ವ್ಯತ್ಯಾಸ. ಉಳಿದವರನ್ನು ಬೈಯುತ್ತಿದ್ದ, ಆಕೆಯನ್ನು ಬೈಯುತ್ತಿರಲಿಲ್ಲ.

ಆ ಮಳೆಗಾಲದ ಒಂದು ನಸುಕಿನಲ್ಲಿ ಮೊದಲ ಬಸ್ಸು ಹತ್ತಿ ಕಾಗಲ್‌ಗೆ ಹೋದೆ. ಆಕೆಯ ಮನೆಗೆ ಎದುರಾಗಿ, ಎದೆಯೆತ್ತರದ ಕಬ್ಬಿನೊಳಗೆ ನಿಂತು ನೋಡಿದೆ. ನಮ್ಮ ಗಾಡಿ ಆಕೆಯ ಉಣಿಸುಗಲ್ಲಿನ ಮೇಲಿತ್ತು. ರಾತ್ರಿಯೆಲ್ಲ ಮಳೆ ಹೊಡೆದು ಸುತ್ತಲಿನ ನೆಲ ಕೆಸರಾಗಿತ್ತು, ಗಾಡಿಯ ಅಡಿಯ ಕಲ್ಲು ಮಾತ್ರ ಒಣಗಿತ್ತು. ಮಳೆ ಶುರುವಾಗುವ ಮೊದಲೇ ಬಂದು ನಿಂತದ್ದು, ಅಲ್ಲಾಡಿಲ್ಲ. ಆ ಒಣ ಚೌಕ ನೋಡಿದಾಗ ಆದ ಸಂಕಟ ಇಬ್ಬರನ್ನು ಒಟ್ಟಿಗೆ ಕಂಡಿದ್ದರೂ ಆಗುತ್ತಿರಲಿಲ್ಲವೇನೋ. ಒಮ್ಮೆ ಹೋದವಳು ಸುಮ್ಮನಾಗಲಿಲ್ಲ. ಮತ್ತೆ ಮತ್ತೆ ಹೋದೆ. ಕಬ್ಬಿನ ಗರಿ ಕೊಯ್ದು ಕೈಯೆಲ್ಲ ಗೀರಾಗುತ್ತಿತ್ತು. ಯಾರಾದರೂ ಕೇಳಿದರೆ ಬೆಕ್ಕು ಪರಚಿತೆನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ.

ಧರಣೇಂದ್ರನಿಗೆ ಒಂದು ಮಾತೂ ಕೇಳಲಿಲ್ಲ. ಕೇಳಿದರೆ ಹೌದೆಂದುಬಿಟ್ಟಾನು ಎಂಬ ಹೆದರಿಕೆ.

ಮಳೆ ಮುಗಿದ ಮೇಲೆ ಒಂದು ಬೆಳಗ್ಗೆ ಮನೆಗೆ ಬರುತ್ತ, ದೂಧಗಂಗಾ ಹೊಳೆ ದಾಟಿ ನಮ್ಮ ನೆಲಕ್ಕೆ ಬಂದ ಮೇಲೆ, ಅವನು ಗಾಡಿಯನ್ನು ಕೈಗೆ ತಗೊಂಡಿದ್ದಾನೆ. ಅಡ್ಡಬಂದ ಎಮ್ಮೆಯನ್ನು ತಪ್ಪಿಸಲು ಹೋಗಿ ಕಲ್ಲುಗೋಡೆಗೆ ಹೊಡೆದ. ಬಲಗಾಲಿನ ಮೊಣಕಾಲು ನುಜ್ಜುಗುಜ್ಜಾಯಿತು. ನಮ್ಮಲ್ಲಿ ಮರುಚಿಗುರು ಎಂಬ ಚಿಕಿತ್ಸೆ ಇದೆ. ರೋಗಿಯದೇ ಮಾಂಸದಿಂದ ಮೂಳೆ, ಕೀಲು ಬೆಳೆಸಿ ಕೂಡಿಸುತ್ತಾರೆ. ಅದರ ಖರ್ಚು ನಮ್ಮಂಥವರ ಕೈಗೆ ಎಟುಕುವುದಲ್ಲ, ವಿಮೆಯೇ ಕೊಡಬೇಕು. ವಿಮಾ ಕಂಪನಿ ಕೊಡುವುದಿಲ್ಲ ಎಂದಿತು.

ಇಲ್ಲಿ ನಿನಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಕಾಲದಲ್ಲಿ ವಿಮೆಯ ಕಾನೂನು ಆಯಾ ರಾಜ್ಯದ್ದು. ಕರ್ನಾಟಕದ ಕಾನೂನಿನಲ್ಲಿ, ಮಾಲೀಕ ಕೈಹಿಡಿದು ಓಡಿಸುವಾಗ ಅವನಿಗೇ ಪೆಟ್ಟಾದರೆ ಪರಿಹಾರವಿಲ್ಲ. ಮಹಾರಾಷ್ಟ್ರದ ಕಾನೂನಿನಲ್ಲಿ ಇದೆ. ಗಾಡಿಗಳು ಎಲ್ಲೆಲ್ಲಿ ತಿರುಗಿದವೆಂದು ನೆನಪಿಟ್ಟುಕೊಳ್ಳುವುದು ನಿಮ್ಮ ಕಾಲದಲ್ಲಿ ಮಿತಿಮೀರಿತ್ತಂತೆ. ಈಗ ಅದು ಅಪರಾಧ, ಗಾಡಿಗೆ ನೆನಪಿರಕೂಡದು. ಆದ್ದರಿಂದ ಮನುಷ್ಯರೇ ಬಾಯಿಬಿಟ್ಟು ಹೇಳಬೇಕು.

ನಮ್ಮ ವಕೀಲೆ ರಜಿಯಾ ನದಾಫ ಆಸ್ಪತ್ರೆಯ ಪಡಸಾಲೆಯಲ್ಲಿ ನನ್ನನ್ನು ಕೂಡಿಸಿಕೊಂಡು ಹೇಳಿದರು:

“ನೋಡ್ರಿ ಅಕ್ಕಾರ, ಪಾಲಿಸಿ ಇಲ್ಲೇ ತಗೊಂಡೀರಿ, ಅಪಘಾತನೂ ಇಲ್ಲೇ ಆಗೇತಿ. ಆದ್ರ ಎರಡೂ ರಾಜ್ಯದ ಒಪ್ಪಂದದಾಗ ಅದ್ಯಾವುದೂ ನಡಿಯೂದಿಲ್ಲ. ತಂಗುನೆಲ ಅಂತ ಐತಿ. ಗಾಡಿ ಹೆಚ್ಚಿಗಿ ಎಲ್ಲಿ ಮಲಗತಿತ್ತೋ ಆ ನೆಲದ ಕಾನೂನು. ಕಾಗಲದಾಗ ಮಲಗತಿತ್ತು ಅಂತ ಆದ್ರ ಕಾಲು ಉಳಿತೈತಿ.”

“ನಮ್ಮ ಮನಿ ಮುಂದ ಮಲಗತಿತ್ತು ಅಂತ ಆದ್ರ?”

“ಮೊಣಕಾಲಿನಿಂದ ಕೆಳಗ ಬಿಡಬೇಕಾಗತೈತಿ.”

“ಅವರನ್ನೇ ಕೇಳ್ರಲ್ಲ, ಎಲ್ಲಿ ಮಲಗಸ್ತಿದ್ರಂತ.”

“ಮಾಲೀಕನ ಮಾತು ಕೋರ್ಟು ಹಿಡಿಯೂದಿಲ್ಲ, ಲಾಭ ಅವನದಽ ಅಲ್ಲ? ಬ್ಯಾರೆ ಯಾರರ ಕಣ್ಣಿಲೆ ನೋಡಿದವರು ಬೇಕು. ನಿಮ್ಮ ಯಜಮಾನ್ರು ಹೆಸರು ಹೇಳಿದ ಆ ಆಲೆಮನಿ ಬಾಯಿಯವರನ್ನ ಕೇಳಿ ನೋಡ್ತೀರಿ?”

ನಾನು ಕಬ್ಬಿನಲ್ಲಿ ನಿಂತದ್ದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಅದನ್ನು ಹೇಳುವುದಕ್ಕಿಂತ ಆಕೆಯ ಮನೆಯ ಬಾಗಿಲಿಗೆ ಹೋಗುವುದೇ ಸುಲಭವೆನಿಸಿತು.

ಕಬ್ಬಿನಿಂದ ಗಾಡಿ ಕಂಡಿತ್ತೇ ಹೊರತು ಆಕೆಯ ಮುಖ ಒಮ್ಮೆಯೂ ಕಂಡಿರಲಿಲ್ಲ. ದಾರಿಯುದ್ದಕ್ಕೂ ಆಕೆ ಚೆಲುವೆಯಾಗಿರಬಾರದೆಂದು ಬೇಡಿಕೊಂಡೆ. ಹೋಗಿ ನೋಡಿದರೆ ನನಗಿಂತ ಹಿರಿಯಳು, ತಲೆ ಅರ್ಧ ಬೆಳ್ಳಗಾಗಿತ್ತು, ಮುಂಗೈ ತುಂಬ ಪಾಕ ಸಿಡಿದ ಸುಟ್ಟ ಕಲೆ. ಆಗ ಇನ್ನೂ ಹೆಚ್ಚು ಉರಿಯಿತು. ಚೆಲುವಿಗೆ ಮರುಳಾದವನು ಒಂದು ದಿನ ಎಚ್ಚರಗೊಂಡಾನು, ಈ ಮುಖದ ಹತ್ತಿರ ಬಂದವನು ಬೇರೇನಕ್ಕೋ ಬಂದಿರಬೇಕು.

“ಬರ್ರಿ ವೈನಿ,” ಎಂದಳು. ವೈನಿ ಎಂದರೆ ಅಣ್ಣನ ಹೆಂಡತಿ. ಯಾವ ಧೈರ್ಯದಲ್ಲಿ ಆ ಮಾತು ಆಡಿದಳೋ.

ಬಂದ ಕೆಲಸ ಹೇಳಿದೆ. ಆಕೆ ಅಡುಗೆಮನೆಯ ಬಾಗಿಲತ್ತ ನೋಡಿದಳು. ಒಳಗೆ ಮಗಳು ಹಿಟ್ಟು ನಾದುವ ಸದ್ದು ಬರುತ್ತಿತ್ತು.

“ನನ್ನ ಕಡಿಂದ ಆಗೂದಿಲ್ಲ ವೈನಿ. ಮಗಳಿಗಿ ಸೋಯರಿಕಿ ಬಂದೈತಿ. ನಾ ಕೋರ್ಟಿನ್ಯಾಗ ನಿಂತ್ರ ಆಕಿ ಮದಿವಿ ಮುರೀತೈತಿ.”

“ಹಂಗಾರ ಅವರ ಕಾಲು ಹೋಗ್ಲಿ?”

“ಸಾಕ್ಷಿ ನೀವಽ ಹೇಳ್ರಿ.” ದನಿ ತಗ್ಗಿಸಿದಳು. “ನೀವು ಕಬ್ಬಿನ್ಯಾಗ ನಿಂದರತಿದ್ದಿರಿ. ನಾ ನೋಡೇನಿ. ಅವರಿಗಿ ಹೇಳಿಲ್ಲ.”

ನನಗೆ ಅಲ್ಲೇ ನೆಲ ಬಾಯಿಬಿಟ್ಟು ನುಂಗಬಾರದೆ ಎನಿಸಿತು. ನಾನು ಆಕೆಯ ಮನೆಯನ್ನು ಕದ್ದು ನೋಡುತ್ತಿದ್ದೇನೆ ಎಂದುಕೊಂಡಷ್ಟು ಹೊತ್ತೂ ಆಕೆ ನನ್ನನ್ನು ನೋಡುತ್ತಿದ್ದಳು. ನನ್ನ ಮಾನವನ್ನು ಆಕೆ ಕಾಪಾಡಿದ್ದಳು ಬೇರೆ! ಎದ್ದು ಹೊರಟೆ. ಹೊಸ್ತಿಲವರೆಗೆ ಬಂದವಳು ಹೇಳಿದಳು:

“ಗುಡುಗು ಆದ್ರ ಅವರಿಗಿ ನಿದ್ದಿ ಹತ್ತೂದಿಲ್ಲ. ದವಾಖಾನ್ಯಾಗ ಯಾರರ ಬಾಜೂಕ ಇರ್ರಿ.”

ಆಯಿ, ಮದುವೆಯಾಗಿ ಇಷ್ಟು ವರ್ಷ, ಇದು ನನಗೆ ಗೊತ್ತಿರಲಿಲ್ಲ. ಗುಡುಗಿದಾಗ ಅವನು ಎದ್ದು ಹಿತ್ತಲಿಗೆ ಹೋಗುತ್ತಿದ್ದದ್ದನ್ನು ನಾನು ಬೀಡಿಯ ಚಟವೆಂದುಕೊಂಡಿದ್ದೆ. ಅವನು ನನ್ನ ಮುಂದೆ ಧೈರ್ಯಸ್ಥನಾಗಿರಬೇಕೆಂದು ಹೆಣಗಿದ್ದ, ಆಕೆಯ ಮುಂದೆ ಹೆದರಿಕೊಳ್ಳಬಹುದಾಗಿತ್ತು. ಬಸ್ಸಿನಲ್ಲಿ ಕೂತು ಅತ್ತೆ. ಹಾಸಿಗೆಯ ವಿಷಯವನ್ನಾದರೂ ಕ್ಷಮಿಸಿಯೇನು. ಆ ಹೆದರಿಕೆಯನ್ನು ಆಕೆಗೆ ಕೊಟ್ಟದ್ದನ್ನು ಇಂದಿಗೂ ಕ್ಷಮಿಸಿಲ್ಲ.

ಚಿಕ್ಕೋಡಿಯ ಕೋರ್ಟಿನಲ್ಲಿ ನಮ್ಮ ಓಣಿಯೇ ನೆರೆದಿತ್ತು. ಧರಣೇಂದ್ರನನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು. ಕಂಪನಿಯ ವಕೀಲರು ವಯಸ್ಸಾದವರು, ಬಹಳ ಮರ್ಯಾದಸ್ಥರು. ನನಗೆ ಬೇಕಾದದ್ದನ್ನೇ ತಟ್ಟೆಯಲ್ಲಿಟ್ಟು ಮುಂದೆ ಹಿಡಿದರು.

“ತಾಯೀ, ನೀವು ಗೃಹಸ್ಥರ ಮನೆಯ ಹೆಣ್ಣುಮಗಳು. ನಿಮ್ಮ ಯಜಮಾನರು ರಾತ್ರಿ ನಿಮ್ಮ ಮನೆಯಲ್ಲೇ ಇರುತ್ತಿದ್ದರು, ಗಾಡಿಯೂ ಅಲ್ಲೇ ಇರುತ್ತಿತ್ತು. ಹೌದಲ್ಲವೇ?”

ಹೌದು ಎಂದರೆ ಸಾಕಿತ್ತು. ಓಣಿಯವರು ಏನೇ ಅಂದುಕೊಳ್ಳಲಿ, ನನ್ನ ಗಂಡ ಮನೆಯಲ್ಲೇ ಮಲಗುತ್ತಿದ್ದನೆಂದು ಸರ್ಕಾರವೇ ಬರೆದುಕೊಡುತ್ತಿತ್ತು. ಕುಂಟನಾದವನು ಹೊಳೆ ದಾಟಿ ಎಲ್ಲಿಗೆ ಹೋದಾನು? ಇದೂ ತಲೆಯಲ್ಲಿ ಬಂದುಹೋಯಿತು, ನಿನ್ನ ಮುಂದೆ ಮುಚ್ಚಿಡುವುದೇನು. ಧರಣೇಂದ್ರ ತಲೆ ಎತ್ತಲಿಲ್ಲ. ನಾನು ಹೌದೆನ್ನುತ್ತೇನೆಂದೇ ಅವನು ತಿಳಿದಿದ್ದ.

“ಇಲ್ಲರಿ,” ಎಂದೆ. “ನಮ್ಮ ಕಲ್ಲು ಬರೀದ ಇರತಿತ್ತು. ಗಾಡಿ ಕಾಗಲದಾಗ ಮೃಣಾಲಬಾಯಿಯವರ ಮನಿ ಮುಂದ ಮಲಗತಿತ್ತು.”

“ಯಾರೋ ಹೇಳಿದ್ದನ್ನು ನಂಬಬೇಡಿ ತಾಯಿ.”

“ಯಾರೂ ಹೇಳಿಲ್ಲರಿ. ನಾನಽ ಕಬ್ಬಿನ್ಯಾಗ ಅಡಗಿ ನಿಂತು ನೋಡೇನಿ. ಸುತ್ತ ಕೆಸರ ಇತ್ತು, ಗಾಡಿ ಬುಡಕ ಒಣಾ ಇತ್ತು. ಮಳಿಗಾಲ ಪೂರ್ತಿ ನೋಡೇನಿ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ಕೇಳಿದರು, “ಯಾಕೆ ಹೋಗುತ್ತಿದ್ದಿರಿ?”

“ಹೊಟ್ಟಿ ಉರೀತಿತ್ರಿ,” ಎಂದೆ.

ಆ ಒಂದು ಉತ್ತರವನ್ನು ಅವರು ತೀರ್ಪಿನಲ್ಲಿ ಎತ್ತಿ ಬರೆದರು. ತನ್ನ ಮಾನಕ್ಕೇ ಎರವಾಗುವ ಮಾತನ್ನು ಯಾರೂ ಸುಳ್ಳಾಗಿ ಹೇಳುವುದಿಲ್ಲ, ಆದ್ದರಿಂದ ಈ ಸಾಕ್ಷ್ಯ ನಂಬತಕ್ಕದ್ದು, ಗಾಡಿಯ ತಂಗುನೆಲ ಕಾಗಲ್, ಈ ವ್ಯಾಜ್ಯಕ್ಕೆ ಮಹಾರಾಷ್ಟ್ರದ ಕಾನೂನೇ ಅನ್ವಯ ಎಂದು.

ಮೊಣಕಾಲು ಬೆಳೆಯಿತು. ಧರಣೇಂದ್ರ ಮೊದಲು ನನ್ನ ಹೆಗಲು ಹಿಡಿದು, ಆಮೇಲೆ ಗೋಡೆ ಹಿಡಿದು, ಕೊನೆಗೆ ಏನೂ ಹಿಡಿಯದೆ ನಡೆದ. ಅವನು ನಡೆಯುವುದನ್ನು ನೋಡುವಾಗ ನನಗೊಂದು ವಿಚಿತ್ರ ಯೋಚನೆ ಬರುತ್ತದೆ. ನನಗೆ ನಿಷ್ಠನಾಗಿದ್ದಿದ್ದರೆ ಇವನು ಇಂದು ಕುಂಟ. ಆ ಕಾಲು ಆಕೆಯ ಮನೆಯಲ್ಲಿ ಕಳೆದ ರಾತ್ರಿಗಳ ದುಡಿಮೆ. ನನ್ನ ಅಂಗಳದಲ್ಲಿ ಓಡಾಡುತ್ತಿರುವ ಆ ಕಾಲಿನ ಮೇಲೂ ನನಗೆ ಹೊಟ್ಟೆಕಿಚ್ಚು.

ಮೃಣಾಲಳ ಮಗಳ ಮದುವೆ ನಿಂತುಹೋಯಿತೆಂದು ಕೇಳಿದೆ. ಆಮೇಲೆ ಬೇರೆ ಕಡೆ ಕೂಡಿಬಂತಂತೆ. ಸಮಾಧಾನವಾಯಿತು, ಪೂರ್ತಿ ಅಲ್ಲ.

ಹೋದ ವಾರ ಕಂಪನಿಯವರು ಹೊಸ ಗಾಡಿ ತಂದುಕೊಟ್ಟರು. ಗುಮಾಸ್ತ ಓಣಿಯ ನಡುವೆ ನಿಂತು ಧರಣೇಂದ್ರನನ್ನು ಕೇಳಿದ, “ತಂಗುನೆಲ ಯಾವುದಂತ ಬರ್ಕೊಳ್ಳಿ ಸರ್?” ಹೊಸ ಗಾಡಿಗೆ ಇದನ್ನು ಮೊದಲೇ ಬರೆಸಬೇಕು. ಧರಣೇಂದ್ರ ಕಾಗಲ್‌ಗೆ ಹೋಗುವ ಬಡಗಲ ರಸ್ತೆಯತ್ತ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ, “ಇಲ್ಲೇ,” ಎಂದ.

“ತಡೀರಿ,” ಎಂದೆ ಗುಮಾಸ್ತನಿಗೆ. “ಇನ್ನೊಮ್ಮೆ ಕೇಳ್ರಿ ಅವರನ್ನ. ನನಗ ಕೋರ್ಟಿನ್ಯಾಗ ಎಲ್ಲಾರ ಮುಂದ ಹೇಳಸಿದ್ರಿ. ಅವರೂ ಓಣಿಗೆಲ್ಲ ಕೇಳೂ ಹಂಗ ಹೇಳ್ಲಿ.”

ಬಾಗಿಲುಗಳು ತೆರೆದುಕೊಂಡವು. ಧರಣೇಂದ್ರನ ಮುಖ ಕೆಂಪಾಯಿತು. ಇನ್ನೇನು ಒಳಗೆ ಹೋಗಿಬಿಡುತ್ತಾನೆ ಎಂದುಕೊಂಡೆ. ಹೋಗಲಿಲ್ಲ.

“ನನ್ನ ಗಾಡಿ ಇಲ್ಲೇ ಮಲಗತೈತಿ,” ಎಂದು ಗಟ್ಟಿಯಾಗಿ ಹೇಳಿದ. “ಚೇಲನಾನ ಮನಿ ಮುಂದ.”

ಅಂದಿನಿಂದ ಹಾಗೇ ನಡೆದಿದೆ. ಆದರೆ ಉತ್ತರಕ್ಕೆ ಮೊದಲು ಅವನು ಬಡಗಲ ರಸ್ತೆಯತ್ತ ನೋಡಿದ್ದನ್ನು ನಾನು ಮರೆತಿಲ್ಲ.

ಆಯಿ, ನಿನ್ನಲ್ಲಿ ನನ್ನದೊಂದು ಬೇಡಿಕೆ. ನಿನ್ನ ಮೂಗು ನಮಗೆ ಬಂದಿದೆ, ನಿನ್ನ ಮಾವಿನಕಾಯಿ ಉಪ್ಪಿನಕಾಯಿಯ ಹದ ಬಂದಿದೆ. ನೀನು ಒಳ್ಳೆಯವಳಾಗಿದ್ದೆ ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯವಳು ಎನ್ನುವುದರಿಂದ ನನಗೆ ಏನೂ ಉಪಯೋಗವಾಗಲಿಲ್ಲ. ಕಬ್ಬಿನೊಳಗೆ ಒಬ್ಬಳೇ ನಿಂತಾಗ ನಮ್ಮ ವಂಶದಲ್ಲಿ ಹೀಗೆ ಉರಿದವಳು ನಾನೊಬ್ಬಳೇ ಎಂದುಕೊಂಡಿದ್ದೆ. ಈ ಓಲೆ ಹೇಗಾದರೂ ನಿನ್ನ ಕೈ ಸೇರಿದರೆ, ಯಾರನ್ನು ಕಂಡು ನಿನ್ನ ಹೊಟ್ಟೆ ಉರಿದಿತ್ತು ಎಂಬುದನ್ನು ಒಂದು ಸಾಲಿನಲ್ಲಾದರೂ ಬರೆದಿಟ್ಟು ಹೋಗು. ಹೆಸರು ಬೇಡ. ಉರಿದಿತ್ತು ಎಂದಷ್ಟೇ ಬರೆ.

ಇನ್ನು ಬರಲೇ.

ನಿನ್ನ,
ಚೇಲನಾ