ತುಟಿ ತೆರೆಯುವ ಮೊದಲೇ

೩ ಫೆಬ್ರುವರಿ ೨೦೨೫, ಸೋಮವಾರ. ರಾತ್ರಿ ೮.೧೦

ಏಳೂವರೆಗೆ ಧಾರಾವಾಹಿಗೆಂದು ಟಿ.ವಿ. ಹಚ್ಚಿದೆ. ಶಾರವ್ವ ಒಲೆ ಆರಿಸಿ, ಕೈ ಒರೆಸಿಕೊಳ್ಳುತ್ತ ಬಂದು ಪಕ್ಕದ ಕುರ್ಚಿಯಲ್ಲಿ ಕುಳಿತಳು. ಎಂದಿನಂತೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ಗಂಡ-ಹೆಂಡತಿ ಒಂದೆಡೆ ಕೂಡುವುದು ಈ ಅರ್ಧ ತಾಸು ಮಾತ್ರ. ಉಳಿದ ಹೊತ್ತು ಅವಳಿಗೆ ಅಡುಗೆಮನೆ, ನನಗೆ ಪತ್ರಿಕೆ.

ಹಿಂದೆ ಈ ಹೊತ್ತಿಗೆ ಓಣಿಯ ಪ್ರತಿ ಮನೆಯಿಂದಲೂ ಇದೇ ಧಾರಾವಾಹಿಯ ಹಾಡು ಕೇಳುತ್ತಿತ್ತು. ಈಗ ನಮ್ಮ ಮನೆಯಿಂದ ಮಾತ್ರ. ಕೇಬಲ್ಲಿನ ದುಂಡೇಶ ಬೆಳಿಗ್ಗೆ ಹೇಳಿದ: ‘ಎಲ್ಲಾರೂ ಮೊಬೈಲಿನ್ಯಾಗ ಡೌನ್‌ಲೋಡ್ ಮಾಡ್ಕೋತಾರ್ರಿ ಸರ್. ಓಣ್ಯಾಗ ಟೈಮಿಗೆ ಕೂಡೋರು ಅಂದ್ರ ನೀವೊಬ್ರ.’ ಹೊಗಳಿಕೆಯೆಂದೇ ಸ್ವೀಕರಿಸಿದೆ.

ಇಂದಿನ ನಟರಿಗೆ ಉಚ್ಚಾರಣೆಯ ಶಿಸ್ತಿಲ್ಲ. ಧ್ವನಿಯನ್ನು ೩೫ಕ್ಕೆ ಏರಿಸಿದರೂ ಮಾತು ಅಸ್ಪಷ್ಟ. ‘ಏನಂದಳು?’ ಎಂದು ಕೇಳಬೇಕಾಗುತ್ತದೆ. ಶಾರವ್ವ ಕಿವಿಯ ಬಳಿ ಬಾಗಿ, ಬೆಂಗಳೂರಿನ ಮಾತನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಾಳೆ. ಮೂಲಕ್ಕಿಂತ ಸ್ಪಷ್ಟ.

೬ ಫೆಬ್ರುವರಿ, ಗುರುವಾರ

ಒಂದು ಅಸಂಗತಿ.

ಧಾರಾವಾಹಿಯ ಸೊಸೆ ಅತ್ತೆಯ ಎದುರು ನಿಂತಿದ್ದಳು. ಶಾರವ್ವ ನನ್ನ ಕಿವಿಯಲ್ಲಿ, ‘ನಾ ಈ ಮನಿ ಬಿಟ್ಟು ಹೋಗಂಗಿಲ್ಲ ಅಂದ್ಲರಿ’ ಎಂದಳು. ಆಗ ಸೊಸೆಯ ತುಟಿ ಇನ್ನೂ ತೆರೆದಿರಲಿಲ್ಲ. ತೆರೆದದ್ದು ಅನಂತರ.

ಟಿ.ವಿ. ಆರಿಸಿ ವಿಚಾರಿಸಿದೆ. ಒಪ್ಪಿಕೊಂಡಳು. ಸಂಜೆಯ ಕಂತು ಅಂದಿನ ಮುಂಜಾನೆಯೇ ಮೊಬೈಲಿಗೆ ಬರುತ್ತದಂತೆ. ಎದುರುಮನೆಯ ಅಬೇದಾ ಅದನ್ನು ಡೌನ್‌ಲೋಡ್ ಮಾಡಿಕೊಂಡು, ಮೊಬೈಲನ್ನು ಮಗ್ಗಕ್ಕೆ ಆನಿಸಿ, ಸೀರೆ ನೇಯುತ್ತಲೇ ನೋಡುತ್ತಾಳೆ. ಇವಳೂ ಮಧ್ಯಾಹ್ನ ಹೋಗಿ ಕೂಡುತ್ತಾಳೆ. ಒಂದು ವರ್ಷದಿಂದ!

‘ಪ್ರಶ್ನೆಪತ್ರಿಕಿ ಮೊದಲ ನೋಡಿದಾಕಿ ಪರೀಕ್ಷಾಕ ಯಾಕ ಕೂಡಬೇಕು?’ ಎಂದೆ.

‘ಪರೀಕ್ಷಾ ಯಾರದ್ರಿ?’ ಎಂದಳು.

‘ನಾಳಿಂದ ಕೂಡಬ್ಯಾಡ.’

‘ಆತು ಬಿಡ್ರಿ.’

ಒಂದು ವರ್ಷ ನನ್ನ ಪಕ್ಕದಲ್ಲಿ ಕುಳಿತು ಆಶ್ಚರ್ಯ ನಟಿಸಿದ್ದಾಳೆ. ವಂಚನೆ ಎಂಬ ಪದ ದೊಡ್ಡದಾಯಿತು. ಬೇರೆ ಪದ ಸಿಗಲಿಲ್ಲ.

೭ ಫೆಬ್ರುವರಿ, ಶುಕ್ರವಾರ

ಒಬ್ಬನೇ ನೋಡಿದೆ. ಧ್ವನಿ ೫೦. ಸೊಸೆ ಅತ್ತಳು. ಕಾರಣ ತಿಳಿಯಲಿಲ್ಲ.

೧೧ ಫೆಬ್ರುವರಿ, ಮಂಗಳವಾರ

ಸೊಸೆ ನಕ್ಕಳು. ಕಾರಣ ತಿಳಿಯಲಿಲ್ಲ.

ಶಾರವ್ವ ಒಳಗೆ ಜೋಳ ಹಸನು ಮಾಡುತ್ತಿದ್ದಳು. ‘ಏನಂದಳು?’ ಎಂಬುದು ಬಾಯಿಯವರೆಗೂ ಬಂತು. ಪಕ್ಕದ ಕುರ್ಚಿ ಖಾಲಿ... ನುಂಗಿಕೊಂಡೆ.

ದೋಷ ಸ್ಪೀಕರಿನದು. ಕೆರೂರಿನ ಶಾಲೆಯಲ್ಲಿ ಕೊನೆಯ ಬೆಂಚಿನ ಪಿಸುಮಾತು ಹಿಡಿಯುತ್ತಿದ್ದ ಕಿವಿಗಳಿವು.

೧೩ ಫೆಬ್ರುವರಿ, ಗುರುವಾರ

ದುಂಡೇಶನನ್ನು ಕರೆಸಿದೆ. ‘ಸೆಟ್ ಚೊಲೋ ಐತ್ರಿ ಸರ್’ ಎಂದ. ಹೊರಡುವಾಗ ಮತ್ತೇನೋ ಅಂದ. ಕೇಳಿಸ— ಗಮನಿಸಲಿಲ್ಲ.

೧೯ ಫೆಬ್ರುವರಿ, ಬುಧವಾರ. ಮಧ್ಯಾಹ್ನ ೩

ಆರು ದಿನ ಟಿ.ವಿ. ಹಚ್ಚಿಲ್ಲ.

ಅಬೇದಾಳ ಡಬ್ಬಿಯೊಂದು ನಮ್ಮಲ್ಲಿ ಉಳಿದಿತ್ತು. ಮರಳಿಸಲು ಹೋದೆ. ಬೇರೆ ಉದ್ದೇಶವಿರಲಿಲ್ಲ. ಅವಳು ಮಗ್ಗ ನಿಲ್ಲಿಸಿ, ನೇರ ಎದುರಿಗೆ ಬಂದು, ದೊಡ್ಡ ದನಿಯಲ್ಲಿ ಬಿಡಿಸಿ ಬಿಡಿಸಿ ಮಾತನಾಡಿದಳು. ಓಣಿಯವರೆಲ್ಲರೂ ನನ್ನೊಡನೆ ಹೀಗೆಯೇ ಮಾತನಾಡುತ್ತಾರೆ. ಇದುವರೆಗೆ ಅದು ಗೌರವವೆಂದು ತಿಳಿದಿದ್ದೆ.

‘ಶಾರಕ್ಕಾರು ಬರೂದ ಬಿಟ್ಟಾರ್ರಿ ಮಾಸ್ತರ್ರ.’

‘ಯಾಕ? ಸೀರಿಯಲ್ ಮುಗೀತೇನು?’

‘ಎಲ್ಲಿ ಮುಗಿತೈತ್ರಿ ಅದು! ಅಕ್ಕಾರಿಗೆ ಆ ಸೀರಿಯಲ್ ಅಂದ್ರ ತಲಿಶೂಲಿ. ನಿಮಗ ಒಂದು ಮಾತು ಹೇಳೂದ್ರಾಗ ಮುಂದಿನ ಮಾತು ತಪ್ಪತಿತ್ತಂತ. ನೀವು ಮತ್ತ ಸಿಟ್ಟಾಗ್ತಿದ್ರಂತ. ಅದಕ್ಕ ಇಲ್ಲಿ ಮೊದಲ ನೋಡಿ, ಬಾಯಿಪಾಠ ಮಾಡ್ಕೊಂಡು ಹೋಗ್ತಿದ್ರು. ಮೊನ್ನಿ ಕರದ್ನಿ. ಅವರಿಗೆ ಹೇಳೂದಿಲ್ಲಂದ ಮ್ಯಾಲ ನಾ ಯಾಕ ನೋಡ್ಲಿ ಅಂದ್ರು.’

ಡಬ್ಬಿ ಕೊಡುವುದನ್ನು ಮರೆತು, ತಿರುಗಿ ಮನೆಗೇ ತಂದಿದ್ದೇನೆ.

ಅದೇ ದಿನ. ಸಂಜೆ ೭.೩೨

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ: ‘ನನಗ ಕೇಳಂಗಿಲ್ಲ.’

‘ಟಿ.ವಿ. ಆವಾಜ ಏನ್ರಿ?’

‘ಅಲ್ಲ. ಕಿವಿ.’

‘ಖರೇನ? ನನಗ ಗೊತ್ತ ಇರಲಿಲ್ಲ ನೋಡ್ರಿ!’ ಎಂದಳು. ಆಶ್ಚರ್ಯ ನಟಿಸುವುದರಲ್ಲಿ ಅವಳಿಗೆ ಒಂದು ವರ್ಷದ ಅಭ್ಯಾಸ.

‘ಬಾ, ಕೂಡು.’

‘ಇವತ್ತಿಂದು ನಾ ನೋಡಿಲ್ರಿ. ಮಾತು ತಪ್ಪತಾವ.’

‘ತಪ್ಪಲಿ.’

ಕೈ ಒರೆಸಿಕೊಳ್ಳುತ್ತ ಬಂದು ಕುಳಿತಿದ್ದಾಳೆ. ಧ್ವನಿಯನ್ನು ೧೫ಕ್ಕೆ ಇಳಿಸಿದೆ. ಹಾಡು ಮುಗಿಯಿತು. ಸೊಸೆ ತುಟಿ ತೆರೆದಳು. ಶಾರವ್ವ ಇತ್ತ ಬಾಗಿ—